ಜಾಮೀನು: ಸಂಘದಲ್ಲೂ ಕೋರ್ಟಿನಲ್ಲೂ

(ಸಂಘದ ರಜತ ಮಹೋತ್ಸವದ ಎರಡನೆಯ ದಿನ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಪ್ಪತ್ತೈದು ವರ್ಷ ತುಂಬಿದ ಸಂಘಕ್ಕೆ ಮೊದಲು ನಮ್ಮ ಅಭಿನಂದನೆಗಳು. ಕಾರ್ಯದರ್ಶಿಗಳು ಆಹ್ವಾನ ಪತ್ರಿಕೆ ಹಿಡಿದು ಮನೆಗೆ ಬಂದಾಗ, "ನೀವು ಮೂವರೂ ಬರಬೇಕು, ಯಾರಾದರೂ ಒಬ್ಬರು ಅರ್ಧ ಗಂಟೆ ಮಾತಾಡಬೇಕು" ಅಂದರು. ವಿಷಯ ಏನು ಅಂತ ಕೇಳಿದೆವು. "ನಿಮ್ಮ ನೌಕರಿ, ಈಗ ಮಾಡ್ತಿರೋ ಸೇವೆ, ಎರಡೂ ಸೇರಿಸಿ ಏನಾದರೂ ಹೇಳಿ ಸಾರ್" ಅಂದರು. ಆದ್ದರಿಂದ ಇಲ್ಲಿ ಮಾತಾಡುವವರು ಒಬ್ಬರೇ ಆದರೂ ಮಾತು ಮೂವರದು ಎಂದು ತಾವು ತಿಳಿಯಬೇಕು.

ನಾವು ಅಂದರೆ ಮೂವರು ನಿವೃತ್ತರು. ಒಬ್ಬರು ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್ಸ್‌ಟೇಬಲ್ ಆಗಿದ್ದವರು, ಒಬ್ಬರು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು, ಇನ್ನೊಬ್ಬರು ಜೈಲಿನಲ್ಲಿ ಮೂವತ್ತೊಂದು ವರ್ಷ ಇದ್ದವರು. ಹೀಗಂದ ಕೂಡಲೇ ಮುಂದಿನ ಸಾಲಿನಲ್ಲಿ ಒಬ್ಬರು ಕತ್ತೆತ್ತಿ ನೋಡಿದರು. ನೌಕರಿಯಲ್ಲಿ ಇದ್ದದ್ದು ಸ್ವಾಮಿ! ಈ ಫಜೀತಿ ನಮ್ಮ ಸ್ನೇಹಿತರಿಗೆ ಹೊಸದಲ್ಲ. ಹೆಣ್ಣು ನೋಡಲು ಹೋದ ಮನೆಯಲ್ಲಿ "ಹುಡುಗ ಜೈಲಿನಲ್ಲಿದ್ದಾನೆ" ಅಂತ ಅವರ ಸೋದರಮಾವ ಹೇಳಿ, ಒಳಗಿಂದ ಬರುತ್ತಿದ್ದ ಕಾಫಿ ವಾಪಸು ಹೋಗಿತ್ತಂತೆ.

ಒಬ್ಬ ಮನುಷ್ಯನ ಮೇಲೆ ಕೇಸು ಬಿತ್ತೆಂದರೆ ಅವನು ಮೂರು ಬಾಗಿಲು ದಾಟುತ್ತಾನೆ: ಠಾಣೆ, ಕೋರ್ಟು, ಜೈಲು. ನಾವು ಆ ಮೂರು ಬಾಗಿಲಲ್ಲಿ ನಿಂತಿದ್ದವರು. ಹಿಡಿಯುವವರು, ಬರೆಯುವವರು, ಕಾಯುವವರು ಎನ್ನಿ. ಕೆಲಸದಲ್ಲಿದ್ದಾಗ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿದ್ದಿಲ್ಲ, ಕಾಗದದ ಮೇಲಿನ ಸಹಿ ಮಾತ್ರ ಗೊತ್ತಿತ್ತು. ನಿವೃತ್ತಿಯಾದ ಮೇಲೆ ಒಂದೇ ಊರಿನಲ್ಲಿ ಮನೆ ಮಾಡಿ, ಸಾಯಂಕಾಲ ಕೆರೆ ಏರಿ ಮೇಲೆ ನಡೆಯುವಾಗ ಪರಿಚಯವಾದೆವು. ನಡೆಯುವಾಗ ಮಾತಿಗೆ ಬಂದದ್ದೆಲ್ಲ ಒಂದೇ ವಿಷಯಕ್ಕೆ ಬಂದು ನಿಲ್ಲುತ್ತಿತ್ತು. ಅದೇ ವಿಷಯವನ್ನು ಇವತ್ತು ತಮ್ಮ ಮುಂದೆ ಇಡುತ್ತೇವೆ. ಅದು ಜಾಮೀನು.

ಜಾಮೀನು ಎಂಬ ಮಾತು ನಿಮಗೆ ನಾವು ಹೇಳಿಕೊಡಬೇಕಾದ್ದಲ್ಲ. ಸಂಘದಲ್ಲಿ ಸಾಲದ ಅರ್ಜಿ ಬರೆದವರೆಲ್ಲರಿಗೂ ಜಾಮೀನುದಾರರ ಸಹಿ ಎಲ್ಲಿ ಬೀಳುತ್ತದೆ ಅಂತ ಗೊತ್ತು. ನಮ್ಮ ದೇಶದಲ್ಲಿ ಸಹಕಾರ ಕಾನೂನು ಬಂದದ್ದು 1904ರಲ್ಲಿ. ಮರುವರ್ಷವೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಆ ಕಾಲದ ಹಳ್ಳಿಯ ಸಂಘಗಳಲ್ಲಿ ಹೊಣೆಗೆ ಮಿತಿಯೇ ಇರಲಿಲ್ಲ, ಒಬ್ಬ ತೀರಿಸದಿದ್ದರೆ ಉಳಿದವರೆಲ್ಲ ಹೊಣೆ. ಅಡವಿಡಲು ಒಡವೆ ಇಲ್ಲದವನಿಗೆ ಪಕ್ಕದ ಮನೆಯವನ ಮಾತೇ ಅಡವು. ಪತ್ತಿನ ಸಂಘ ಅನ್ನುತ್ತೇವಲ್ಲ, ಆ ಪತ್ತು ಅಂದರೆ ನಂಬಿಕೆ ತಾನೇ.

ಇದೇ ಜಾಮೀನು ಕೋರ್ಟಿನಲ್ಲಿ ಎಂಥ ರೂಪ ತಾಳುತ್ತದೆ ಎನ್ನುವುದನ್ನು ಮಾತ್ರ ಹೊರಗಿನವರು ಅಷ್ಟಾಗಿ ಕಂಡಿರುವುದಿಲ್ಲ.

ಜೈಲು ಅಂದರೆ ತಪ್ಪು ಮಾಡಿ ಶಿಕ್ಷೆ ಆದವರು ಇರುವ ಜಾಗ ಅಂತ ಜನ ತಿಳಿದಿದ್ದಾರೆ. ಹಾಗಲ್ಲ. ಕೇಂದ್ರ ಸರ್ಕಾರದ ಲೆಕ್ಕದಂತೆ 2022ರ ಡಿಸೆಂಬರ್ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು 5,73,220 ಜನ. ಅವರಲ್ಲಿ 4,34,302 ಜನ ವಿಚಾರಣಾಧೀನರು. ನಾಲ್ವರಲ್ಲಿ ಮೂವರು. ಅಂದರೆ ಕೋರ್ಟು ಇನ್ನೂ ಅವರನ್ನು ತಪ್ಪಿತಸ್ಥರು ಎಂದು ಹೇಳಿಲ್ಲ. ಇವರೆಲ್ಲರನ್ನೂ ಬಿಟ್ಟುಬಿಡಬೇಕು ಅಂತ ನಾವು ಹೇಳುವುದಿಲ್ಲ. ಹೊರಗೆ ಬಿಟ್ಟರೆ ಸಾಕ್ಷಿಯನ್ನು ಹೆದರಿಸುವವರು ಇದ್ದಾರೆ, ಮತ್ತೆ ಅದೇ ಕೃತ್ಯ ಮಾಡುವವರು ಇದ್ದಾರೆ, ಅವರನ್ನು ನಾವೇ ಕಣ್ಣಾರೆ ಕಂಡಿದ್ದೇವೆ. ನಮ್ಮ ಮಾತು ಅವರ ವಿಷಯವಲ್ಲ. ಜಡ್ಜ್ ಸಾಹೇಬರೇ "ಇವನನ್ನು ಬಿಡಬಹುದು" ಎಂದು ಆದೇಶ ಬರೆದ ಮೇಲೂ ಒಳಗೇ ಉಳಿದವರ ವಿಷಯ.

ಇದು ಹೇಗೆ ಅಂತ ಕೇಳಬಹುದು. ಜಾಮೀನು ಸಿಕ್ಕಿತು ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದು ಅರ್ಧ ಕೆಲಸ. ಆದೇಶದಲ್ಲಿ "ಇಪ್ಪತ್ತೈದು ಸಾವಿರ ರೂಪಾಯಿ ಬಾಂಡು ಮತ್ತು ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ" ಅಂತ ಇರುತ್ತದೆ. ಆ ಜಾಮೀನುದಾರ ಪಹಣಿ, ಆಧಾರ್, ಫೋಟೋ ಹಿಡಿದುಕೊಂಡು ಕೋರ್ಟಿಗೆ ಬಂದು ಕಟಕಟೆಯಲ್ಲಿ ನಿಂತು ಒಪ್ಪಿಕೊಂಡ ಮೇಲೆಯೇ ಬಿಡುಗಡೆಯ ಕಾಗದ ಜೈಲಿಗೆ ಹೋಗುವುದು. ಅಣ್ಣತಮ್ಮಂದಿರು, ಜಮೀನು, ಪರಿಚಯದ ವಕೀಲರು ಇದ್ದವನು ಸಂಜೆಯೊಳಗೆ ಮನೆ ಸೇರುತ್ತಾನೆ. ಇಲ್ಲದವನು ಆದೇಶದ ಪ್ರತಿ ಮಡಚಿ ಜೇಬಿನಲ್ಲಿಟ್ಟುಕೊಂಡು ಬ್ಯಾರಕ್ಕಿನಲ್ಲೇ ಮಲಗುತ್ತಾನೆ.

2018ರಲ್ಲಿ ನಡೆದದ್ದು ಹೇಳುತ್ತೇವೆ. ಜೈಲಿನ ಸ್ನೇಹಿತರು ಆಗ ಇನ್ನೂ ಕೆಲಸದಲ್ಲಿದ್ದರು. ಶುಂಠಿ ಕೆಲಸಕ್ಕೆ ಉತ್ತರ ಕರ್ನಾಟಕದ ಕಡೆಯಿಂದ ಬಂದಿದ್ದ ಹುಡುಗ, ವಯಸ್ಸು ಇಪ್ಪತ್ತಮೂರು. ತೋಟದ ಕೊಳವೆಬಾವಿಯ ಕೇಬಲ್ ಕದ್ದ ಅಂತ ಕೇಸು. ಮಹಜರಿನಲ್ಲಿ ಬರೆದಿದ್ದ ಬೆಲೆ 4,200 ರೂಪಾಯಿ. ಕೇಬಲ್ ಸಿಕ್ಕಿತ್ತು, ಹಿಂದೆ ಯಾವ ಕೇಸೂ ಇರಲಿಲ್ಲ. ಹನ್ನೆರಡನೆಯ ದಿನವೇ ಜಾಮೀನು ಮಂಜೂರಾಯಿತು, ಆದರೆ ಜಾಮೀನುದಾರ ಇದೇ ಜಿಲ್ಲೆಯವನಾಗಿರಬೇಕು ಅಂತ ಷರತ್ತು. ಅವನ ಅಪ್ಪ ತನ್ನ ಎರಡು ಎಕರೆಯ ಪಹಣಿ ತೆಗೆದುಕೊಂಡು ಒಂದು ರಾತ್ರಿ ಪೂರ್ತಿ ಬಸ್ಸಿನಲ್ಲಿ ಕೂತು ಬಂದ. ಬೇರೆ ಜಿಲ್ಲೆಯ ಪಹಣಿ ಆಗುವುದಿಲ್ಲ ಅಂತ ಹೇಳಿ ಕಳಿಸಿದರು. ಆ ಮನುಷ್ಯ ಜೈಲಿನ ಗೇಟಿನ ಹತ್ತಿರ ಕೂತು, "ನನ್ನ ಮಗನಿಗೆ ನಾನು ಜಾಮೀನು ಆಗೋದಿಲ್ಲ ಅಂದ್ರ ಮತ್ಯಾರು ಆಗ್ತಾರ್ರಿ?" ಅಂತ ಕೇಳಿದ. ಗೇಟಿನಲ್ಲಿದ್ದ ವಾರ್ಡರಿಗೆ ಉತ್ತರ ಇರಲಿಲ್ಲ.

ಹುಡುಗ ನಾಲ್ಕು ತಿಂಗಳು ಒಂಬತ್ತು ದಿನ ಒಳಗಿದ್ದ. ಕೊನೆಗೆ ಜಾಮೀನು ಕೊಟ್ಟವರು ಪಕ್ಕದ ಹೋಬಳಿಯ ಒಬ್ಬ ಹಿರಿಯ ರೈತರು. ಹಿಂದಿನ ವರ್ಷ ಈ ಹುಡುಗ ಅವರ ಹೊಲದಲ್ಲಿ ಕೆಲಸ ಮಾಡಿದ್ದ. ಸಂತೆಯಲ್ಲಿ ಯಾರೋ ಹೇಳಿದ್ದು ಕಿವಿಗೆ ಬಿದ್ದು ಬಂದರು. ಆ ಯಜಮಾನರ ಕೇಬಲ್ ಕೂಡ ಎರಡು ಸಲ ಕಳುವಾಗಿತ್ತು! "ಇವನು ಕದ್ದನೋ ಬಿಟ್ಟನೋ ಅದು ಕೋರ್ಟು ನೋಡಿಕೊಳ್ಳಲಿ. ಕರೆದ ದಿನ ಬರ್ತಾನೆ, ಅಷ್ಟು ನಾನು ಹೇಳಬಲ್ಲೆ" ಅಂದರಂತೆ. ಶಿರಸ್ತೇದಾರ ಸ್ನೇಹಿತರು ಇದನ್ನು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಜಾಮೀನು ಎಂದರೇನು ಅಂತ ಕಾನೂನಿನ ಪುಸ್ತಕ ಎರಡು ಪುಟದಲ್ಲಿ ಹೇಳುವುದನ್ನು ಆ ಯಜಮಾನರು ಒಂದು ಮಾತಿನಲ್ಲಿ ಹೇಳಿಬಿಟ್ಟರು ಅಂತ ಅವರ ಅಭಿಪ್ರಾಯ. ಹುಡುಗ ಏಳು ವಾಯಿದೆಗೂ ಬಂದ. ಕೊನೆಗೆ ತೋಟದ ಮಾಲೀಕರು ಒಪ್ಪಿ ಲೋಕ ಅದಾಲತ್‌ನಲ್ಲಿ ರಾಜಿಯಾಗಿ ಕೇಸು ಮುಗಿಯಿತು. ಆ ನಾಲ್ಕು ತಿಂಗಳ ಕೂಲಿಯನ್ನು ಮಾತ್ರ ಯಾರೂ ಕಟ್ಟಿಕೊಡಲಿಲ್ಲ, ಅದರ ನಡುವೆ ಊರಲ್ಲಿ ತಂಗಿಯ ಮದುವೆ ಮುರಿದದ್ದನ್ನೂ ಯಾರೂ ಸರಿಮಾಡಲಿಲ್ಲ.

ವಿಚಿತ್ರವೆಂದರೆ ಬೇರೆ ಜಿಲ್ಲೆಯವನ ಜಾಮೀನು ಬೇಡ ಅನ್ನುವುದು ತಪ್ಪು ಅಂತ ಸುಪ್ರೀಂ ಕೋರ್ಟು ಅದಕ್ಕೆ ನಲವತ್ತು ವರ್ಷ ಮೊದಲೇ ಹೇಳಿಯಾಗಿತ್ತು. ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದವನ ಪ್ರಕರಣ, 1978ರದ್ದು. ಸುಪ್ರೀಂ ಕೋರ್ಟೇ ಅವನಿಗೆ ಜಾಮೀನು ಕೊಟ್ಟಿತ್ತು. ಕೆಳಗಿನ ಮ್ಯಾಜಿಸ್ಟ್ರೇಟರು ಹತ್ತು ಸಾವಿರದ ಜಾಮೀನುದಾರ ಬೇಕು ಅಂದರು. ಅವನ ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಆ ಜಾಮೀನನ್ನೂ ತಳ್ಳಿಹಾಕಿದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಇದನ್ನು ಕಟುವಾಗಿ ಟೀಕಿಸಿ, ಒಂದು ಸಾವಿರ ರೂಪಾಯಿಯ ಸ್ವಂತ ಬಾಂಡಿನ ಮೇಲೆ ಅವನನ್ನು ಬಿಡಿ ಎಂದರು. ಹತ್ತು ಸಾವಿರ ಅಂದರೆ ಆ ಕಾಲದಲ್ಲಿ ಗಾರೆ ಕೆಲಸದವನಿಗೆ ಎಷ್ಟು ವರ್ಷದ ಸಂಪಾದನೆ ಅಂತ ತಾವೇ ಲೆಕ್ಕ ಹಾಕಿ. ಮೇಲಿನ ಕೋರ್ಟಿನ ತೀರ್ಪು ತಾಲ್ಲೂಕಿನ ಬೆಂಚ್ ಗುಮಾಸ್ತರ ಮೇಜಿಗೆ ಇಳಿದು ಬರಲು ಎಷ್ಟು ಕಾಲ ಬೇಕಾಗುತ್ತದೆ ಎನ್ನುವುದಕ್ಕೆ ನಾವು ಮೂವರೂ ಸಾಕ್ಷಿ.

ಇನ್ನು ಒಬ್ಬ ದೊಡ್ಡ ಅಧಿಕಾರಿಯ ಹೆಸರನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆವು. ಖಾಕಿ ತೊಟ್ಟವರು ಸಮಾಜಕ್ಕೆ ಏನು ಮಾಡಬಹುದು ಅಂತ ಕೇಳುವವರಿಗೆ ನಾವು ಕೆ. ಎಫ್. ರುಸ್ತುಂಜಿ ಅವರ ಹೆಸರು ಹೇಳುತ್ತೇವೆ. ನಾಗಪುರದ ಹತ್ತಿರ ಕಾಂಪ್ಟಿಯಲ್ಲಿ 1916ರಲ್ಲಿ ಹುಟ್ಟಿದ ಪಾರ್ಸಿ ಮನೆತನದವರು. ಬ್ರಿಟಿಷರ ಕಾಲದಲ್ಲಿ ಪೊಲೀಸ್ ಸೇರಿ, ನೆಹರೂ ಅವರ ಭದ್ರತೆಯ ಹೊಣೆ ಹೊತ್ತು, 1965ರಲ್ಲಿ ಗಡಿ ಭದ್ರತಾ ಪಡೆ ಹುಟ್ಟಿದಾಗ ಅದರ ಮೊದಲ ಮುಖ್ಯಸ್ಥರಾದವರು. ನಿವೃತ್ತರಾದ ಮೇಲೆ ರಾಷ್ಟ್ರೀಯ ಪೊಲೀಸ್ ಆಯೋಗದ ಸದಸ್ಯರಾಗಿ ಬಿಹಾರದ ಜೈಲುಗಳನ್ನು ನೋಡಲು ಹೋದರು. ತನಿಖೆಗೆ ಹೋದ ಅಧಿಕಾರಿ ವರದಿ ಬರೆದು ಸುಮ್ಮನಾಗಬಹುದಿತ್ತು. ಇವರು ಕೈದಿಗಳನ್ನು ಕೂರಿಸಿಕೊಂಡು ಎಷ್ಟು ದಿನದಿಂದ ಇದ್ದೀರಿ, ಯಾವ ಕೇಸು ಅಂತ ಕೇಳಿ ಬರೆದುಕೊಂಡರು. ಆರೋಪ ರುಜುವಾತಾಗಿದ್ದರೂ ಅಷ್ಟು ವರ್ಷ ಶಿಕ್ಷೆ ಆಗುತ್ತಿರಲಿಲ್ಲ, ವಿಚಾರಣೆಯೇ ಶುರುವಾಗದೆ ಅದಕ್ಕಿಂತ ಹೆಚ್ಚು ಕಾಲ ಒಳಗಿದ್ದ ಜನ ಅಲ್ಲಿದ್ದರು. ಅವರ ಬರಹ 1979ರ ಜನವರಿಯಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಯಲ್ಲಿ ಬಂತು. ಅದನ್ನು ಓದಿದ ವಕೀಲೆ ಕಪಿಲಾ ಹಿಂಗೋರಾಣಿಯವರು ಸುಪ್ರೀಂ ಕೋರ್ಟಿಗೆ ಹೋದರು. ಹುಸೈನಾರಾ ಖಾತೂನ್ ಪ್ರಕರಣ ಅಂತ ಕಾನೂನು ಓದುವ ಹುಡುಗರೆಲ್ಲ ಬಾಯಿಪಾಠ ಮಾಡುವುದು ಇದನ್ನೇ. ನ್ಯಾಯಮೂರ್ತಿ ಭಗವತಿಯವರ ಪೀಠ ಬೇಗ ವಿಚಾರಣೆ ಪಡೆಯುವುದು ಹಕ್ಕು, ಬಡವನಿಗೆ ವಕೀಲರನ್ನು ಕೊಡುವುದು ಸರ್ಕಾರದ ಕರ್ತವ್ಯ ಎಂದಿತು. ಅದರಿಂದ ಬಿಡುಗಡೆಯಾದವರು ಸುಮಾರು ನಲವತ್ತು ಸಾವಿರ ಜನ ಎನ್ನುತ್ತಾರೆ. ರುಸ್ತುಂಜಿಯವರಿಗೆ 1991ರಲ್ಲಿ ಪದ್ಮವಿಭೂಷಣ ಬಂತು. ಗಡಿ ಕಾದದ್ದಕ್ಕೆ ಅವರಿಗೆ ಎಷ್ಟು ಗೌರವ ಸಲ್ಲಬೇಕೋ, ಬಿಹಾರದ ಆ ಜೈಲುಗಳಲ್ಲಿ ಕೂತು ಲೆಕ್ಕ ಬರೆದುಕೊಂಡದ್ದಕ್ಕೂ ಅಷ್ಟೇ ಸಲ್ಲಬೇಕು ಅಂತ ನಾವು ತಿಳಿದಿದ್ದೇವೆ.

ದೊಡ್ಡ ಹುದ್ದೆ ಇದ್ದವರಿಗೆ ಮಾತ್ರ ಇದು ಸಾಧ್ಯ ಅಂದುಕೊಳ್ಳಬೇಡಿ. ಅಮೆರಿಕದ ಬೋಸ್ಟನ್ ನಗರದಲ್ಲಿ ಜಾನ್ ಅಗಸ್ಟಸ್ ಅಂತ ಒಬ್ಬ ಚಪ್ಪಲಿ, ಬೂಟು ಹೊಲಿಯುವ ಕಸುಬಿನವನಿದ್ದ. 1841ರಲ್ಲಿ ಕೋರ್ಟಿಗೆ ಹೋಗಿದ್ದಾಗ ಕುಡಿತದ ಆರೋಪದ ಮೇಲೆ ಹಿಡಿದು ತಂದಿದ್ದ ಒಬ್ಬನಿಗೆ, ಇವನಿಗೆ ನಾನು ಜಾಮೀನು ಅಂತ ನಿಂತ. ಮೂರು ವಾರ ಬಿಟ್ಟು ಅವನನ್ನು ವಾಪಸು ಕರೆತಂದಾಗ ಮನುಷ್ಯ ಗುರುತು ಸಿಗದಷ್ಟು ಬದಲಾಗಿದ್ದ. ನ್ಯಾಯಾಧೀಶರು ಒಂದು ಸೆಂಟ್ ದಂಡ, ಕೋರ್ಟು ಖರ್ಚು ಹಾಕಿ ಬಿಟ್ಟರು. ಹದಿನೆಂಟು ವರ್ಷಗಳಲ್ಲಿ ಈ ಬೂಟಿನ ಕಸುಬಿನವನು 1,946 ಜನರಿಗೆ ಜಾಮೀನು ನಿಂತ. ಕೋರ್ಟಿನ ಕೆಳಗಿನ ಸಿಬ್ಬಂದಿಗೆ ಅವನ ಮೇಲೆ ಕೋಪವಿತ್ತಂತೆ, ಯಾಕೆಂದರೆ ಒಬ್ಬೊಬ್ಬನನ್ನು ಜೈಲಿಗೆ ಕಳಿಸಿದರೆ ಇವರಿಗೆ ಇಷ್ಟು ಅಂತ ಫೀಜು ಬರುತ್ತಿತ್ತು! ಅವನು ತೀರಿಕೊಂಡ ಮೇಲೆ 1878ರಲ್ಲಿ ಆ ರಾಜ್ಯ ಅವನ ಪದ್ಧತಿಯನ್ನೇ ಕಾನೂನು ಮಾಡಿತು. ನಮ್ಮಲ್ಲಿ 1958ರಲ್ಲಿ ಬಂದ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ, ಅಂದರೆ ಪ್ರೊಬೇಷನ್ ಕಾಯ್ದೆ, ಅದೇ ವಂಶದ್ದು.

ನಾವು ಮಾಡುವ ಕೆಲಸ ಇದಕ್ಕೆ ಹೋಲಿಸಿದರೆ ತೀರ ಸಣ್ಣದು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರೆ ಕಾನೂನು ಸ್ವಯಂಸೇವಕರು ಅಂತ ನಮ್ಮ ಹೆಸರು ಬರೆಸಿದ್ದೇವೆ. ನಮಗೆ ಕೋಟು ಇಲ್ಲ, ವಾದ ಮಾಡುವ ಅಧಿಕಾರವಿಲ್ಲ. ವಾರಕ್ಕೊಮ್ಮೆ ಜೈಲಿಗೆ ಹೋಗುತ್ತೇವೆ. ಆದೇಶ ಆಗಿಯೂ ಯಾರು ಉಳಿದಿದ್ದಾರೆ ಅಂತ ಪಟ್ಟಿ ಮಾಡುತ್ತೇವೆ. ಅವರು ಹೇಳಿದ ಊರಿಗೆ ಫೋನು ಮಾಡುತ್ತೇವೆ, ಫೋನು ಸಿಗದಿದ್ದರೆ ಹೋಗುತ್ತೇವೆ. ಹೆಡ್ ಕಾನ್ಸ್‌ಟೇಬಲ್ ಸ್ನೇಹಿತರಿಗೆ ಪ್ರತಿ ಊರಿನಲ್ಲೂ ಒಬ್ಬ ಪರಿಚಯಸ್ಥರು. ಹಿಂದೆ ಇವರೇ ಹಿಡಿದು ತಂದವರೂ ಅದರಲ್ಲಿದ್ದಾರೆ, ಈಗ ಕಾಫಿ ಕುಡಿಸಿ ಕಳಿಸುತ್ತಾರೆ.

ಕಾನೂನು ಮೊದಲಿಗಿಂತ ಎಷ್ಟೋ ಸುಧಾರಿಸಿದೆ, ಅದನ್ನು ಹೇಳಲೇಬೇಕು. ಜೈಲಿನಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. 2023ರ ಜನವರಿ 31ರಂದು ಸುಪ್ರೀಂ ಕೋರ್ಟು ಕೊಟ್ಟ ನಿರ್ದೇಶನದಂತೆ, ಜಾಮೀನು ಆದೇಶವಾಗಿ ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲಿನ ಸೂಪರಿಂಟೆಂಡೆಂಟರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಜಾಮೀನುದಾರ ಸಿಗದಿದ್ದರೆ ಷರತ್ತು ಸಡಿಲಿಸಬಹುದೇ ಅಂತ ಕೋರ್ಟು ತಾನಾಗಿ ಪರಿಶೀಲಿಸಬಹುದು. ಸ್ಥಳೀಯ ಜಾಮೀನುದಾರನೇ ಬೇಕೆಂಬ ಷರತ್ತು ಬೇಡ ಎಂದೂ ಅದರಲ್ಲೇ ಹೇಳಿದೆ. ಅದೇ ವರ್ಷ ಕೇಂದ್ರ ಗೃಹ ಸಚಿವಾಲಯ ಬಡ ಕೈದಿಗಳಿಗೆ ನೆರವಿನ ಯೋಜನೆ ತಂದಿತು. ಜಾಮೀನು ಹಣ ಕಟ್ಟಲಾರದ ವಿಚಾರಣಾಧೀನರಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲಾರದ ಶಿಕ್ಷಾಬಂಧಿಗಳಿಗೆ 25,000 ರೂಪಾಯಿವರೆಗೆ ನೆರವು ಎಂದು ಆಗ ಗೊತ್ತುಮಾಡಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು ಇನ್ನೂ ಮುಂದೆ ಹೋಗಿದೆ. ಮೊದಲ ಸಲ ಕೇಸಿಗೆ ಸಿಕ್ಕವನು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಾಂಡಿನ ಮೇಲೆ ಬಿಡಬೇಕು, ಅದಕ್ಕೆ ಅರ್ಜಿ ಹಾಕುವ ಹೊಣೆ ಜೈಲಿನ ಸೂಪರಿಂಟೆಂಡೆಂಟರದು. ಗಲ್ಲು, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದಿಲ್ಲ, ಒಂದಕ್ಕಿಂತ ಹೆಚ್ಚು ಕೇಸು ಇದ್ದವನಿಗೂ ಇಲ್ಲ.

ಇಷ್ಟೆಲ್ಲ ಇದ್ದೂ ನಾವು ವಾರವಾರ ಯಾಕೆ ಹೋಗಬೇಕು? ಕಾಗದ ಕಾಗದವನ್ನು ಹುಡುಕಿಕೊಂಡು ಹೋಗುವುದಿಲ್ಲ, ಒಬ್ಬ ಮನುಷ್ಯ ಹಿಡಿದುಕೊಂಡು ಹೋಗಬೇಕು. ಅದಕ್ಕೆ.

ಈ ಕೊರತೆಯಲ್ಲೇ ಒಂದು ದಂಧೆ ಬೆಳೆದಿದೆ. ಕೋರ್ಟಿನ ಹತ್ತಿರದ ಟೀ ಅಂಗಡಿಗಳಲ್ಲಿ ಬಾಡಿಗೆ ಜಾಮೀನುದಾರರು ಸಿಗುತ್ತಾರೆ. ನಕಲಿ ಪಹಣಿ, ನಕಲಿ ಗುರುತಿನ ಚೀಟಿ ಹಿಡಿದು, ಹೆಸರೇ ಗೊತ್ತಿಲ್ಲದವನಿಗೆ "ಇವನು ನಮ್ಮ ಅಣ್ಣನ ಮಗ" ಅಂತ ಪ್ರಮಾಣ ಮಾಡುತ್ತಾರೆ. ಒಬ್ಬ ಪುಣ್ಯಾತ್ಮನಿಗೆ ಒಂದೇ ತಿಂಗಳಲ್ಲಿ ಆರು ಜನ ಅಣ್ಣನ ಮಕ್ಕಳಿದ್ದದ್ದನ್ನು ಶಿರಸ್ತೇದಾರ ಸ್ನೇಹಿತರು ಕಂಡಿದ್ದಾರೆ. ಯಾರು ಯಾರಿಗೆ ಜಾಮೀನು ನಿಂತಿದ್ದಾರೆಂದು ಜಾಮೀನುದಾರ ಬರೆದುಕೊಡಬೇಕು ಎಂಬ ನಿಯಮ ಇಂಥವರಿಗಾಗಿಯೇ ಬಂದದ್ದು. ದುಡ್ಡಿದ್ದ ಕಳ್ಳನಿಗೆ ಬಾಡಿಗೆಯವನು ಸಿಗುತ್ತಾನೆ, ಆಮೇಲೆ ಇಬ್ಬರೂ ನಾಪತ್ತೆ. ದುಡ್ಡಿಲ್ಲದ ಕೂಲಿಯವನು ಒಳಗೇ ಉಳಿಯುತ್ತಾನೆ. ಊರವರು ನಿಲ್ಲದ ಜಾಗದಲ್ಲಿ ಬಾಡಿಗೆಯವನು ನಿಲ್ಲುತ್ತಾನೆ, ಇಷ್ಟೇ ಇದರ ಗುಟ್ಟು.

ಈಗ ತಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರೋಣ. ಹೋದ ತಿಂಗಳು ಬೇರೊಂದು ಸಂಘದಲ್ಲಿ ಒಬ್ಬ ಸದಸ್ಯರು ಎದ್ದು ನಿಂತು ಕೇಳಿಯೇಬಿಟ್ಟರು: "ಸ್ವಾಮಿ, ನಮ್ಮ ತೋಟದ ಕೇಬಲ್ ಕದಿಯೋನಿಗೆ ನಾವೇ ಹೋಗಿ ಜಾಮೀನು ಕೊಡಬೇಕಾ?" ಸಭೆಯಲ್ಲಿ ಚಪ್ಪಾಳೆ ಬಿತ್ತು. ಆ ಪ್ರಶ್ನೆಯನ್ನು ನಾವು ತಮಾಷೆ ಅಂತ ತಳ್ಳಿಹಾಕುವುದಿಲ್ಲ. ಬೇಸಿಗೆಯಲ್ಲಿ ಒಂದು ರಾತ್ರಿ ಕೇಬಲ್ ಹೋಯಿತೆಂದರೆ ವಾರಗಟ್ಟಲೆ ನೀರಿಲ್ಲ, ಬೆಳೆ ಒಣಗುತ್ತದೆ. ಆ ನಷ್ಟವನ್ನು ಮಹಜರಿನಲ್ಲಿ ಯಾರೂ ಬರೆಯುವುದಿಲ್ಲ. ನಿಮ್ಮ ಸಿಟ್ಟು ನ್ಯಾಯವಾದದ್ದು.

ಆದರೆ ಒಂದು ಲೆಕ್ಕ ನೋಡಿ. ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಕದ್ದ ಮಾಲಿನ ಬೆಲೆ ಐದು ಸಾವಿರಕ್ಕಿಂತ ಕಡಿಮೆ ಇದ್ದು, ಮೊದಲ ಸಲ ಶಿಕ್ಷೆಗೊಳಗಾಗುವವನಾಗಿದ್ದು, ಮಾಲನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ ಅವನಿಗೆ ಆಗುವ ಶಿಕ್ಷೆ ಜೈಲಲ್ಲ, ಸಮುದಾಯ ಸೇವೆ. ಸಂಬಳವಿಲ್ಲದೆ ಊರಿಗೆ ಉಪಯೋಗವಾಗುವ ಕೆಲಸ ಮಾಡಬೇಕು ಅಂತ ಕೋರ್ಟು ಹೇಳುವುದು. ಅಂಥ ಸಣ್ಣ ಕಳವಿಗೆ ಈಗ ವಾರಂಟಿಲ್ಲದೆ ಬಂಧಿಸುವಂತೆಯೂ ಇಲ್ಲ. ನಾವು ಹೇಳಿದ ಹುಡುಗನ ಕೇಬಲ್ ಎಷ್ಟರದ್ದು? 4,200. ಇವತ್ತಿನ ಕಾನೂನಿನಲ್ಲಿ ತಪ್ಪು ರುಜುವಾತಾಗಿದ್ದರೂ ಅವನು ಶಾಲೆಯ ಅಂಗಳ ಗುಡಿಸಿ ಮನೆಗೆ ಹೋಗುತ್ತಿದ್ದ. ರುಜುವಾತಾಗದೆಯೇ ನಾಲ್ಕು ತಿಂಗಳು ಒಂಬತ್ತು ದಿನ ಒಳಗಿದ್ದ.

ಈ ಸಮುದಾಯ ಸೇವೆಯ ಬಗ್ಗೆ ನಡುವೆ ಒಂದು ಮಾತು. ಎಷ್ಟು ಗಂಟೆ, ಎಂಥ ಕೆಲಸ ಅಂತ ಸಂಹಿತೆಯಲ್ಲಿ ಬರೆದಿಲ್ಲ. ಕುಡಿದು ಬೀದಿಯಲ್ಲಿ ರಂಪ ಮಾಡಿದವನಿಗೂ ಈ ಶಿಕ್ಷೆ ಕೊಡಬಹುದು. ಕೆರೆ ಏರಿಯ ಗಿಡ ಕೀಳುವುದು, ಶಾಲೆಗೆ ಸುಣ್ಣ ಬಳಿಯುವುದು, ಆಸ್ಪತ್ರೆಯಲ್ಲಿ ನೆರವಾಗುವುದು, ಕೆಲಸಕ್ಕೇನು ಕಡಿಮೆ? ಆದರೆ ತಲೆಮಾರುಗಳಿಂದ ಯಾರ ಕೈಯಲ್ಲಿ ಪೊರಕೆ ಕೊಟ್ಟಿದ್ದೇವೋ ಶಿಕ್ಷೆ ಅಂತ ಮತ್ತೆ ಅವರ ಕೈಗೇ ಪೊರಕೆ, ಗೌಡರ ಮಗನಿಗೆ ಮಾತ್ರ ಗ್ರಂಥಾಲಯದ ಪುಸ್ತಕ ಜೋಡಿಸುವ ಕೆಲಸ, ಹೀಗಾದರೆ ಅದು ಸೇವೆಯೂ ಅಲ್ಲ ಶಿಕ್ಷೆಯೂ ಅಲ್ಲ. ಇದನ್ನು ಊರವರು ಗಮನಿಸುತ್ತಿರಬೇಕು.

ಜಾಮೀನಿಗೆ ಹೆದರಲು ಇನ್ನೊಂದು ಕಾರಣ ಸಂಘದ ಜಾಮೀನಿಗೂ ಕೋರ್ಟಿನ ಜಾಮೀನಿಗೂ ಇರುವ ವ್ಯತ್ಯಾಸ ಗೊತ್ತಿಲ್ಲದಿರುವುದು. ಸಾಲಕ್ಕೆ ನಿಂತರೆ ಅಸಲು, ಬಡ್ಡಿ, ಎಲ್ಲಕ್ಕೂ ನೀವು ಹೊಣೆ. ಕೋರ್ಟಿನಲ್ಲಿ ನೀವು ಅವನ ತಪ್ಪಿಗೆ ಹೊಣೆಯಲ್ಲ, ಅವನಿಗೆ ಬೀಳುವ ದಂಡಕ್ಕೂ ಅಲ್ಲ. ವಾಯಿದೆ ದಿನ ಅವನು ಬರುತ್ತಾನೆ ಎನ್ನುವುದಕ್ಕೆ ಮಾತ್ರ ಹೊಣೆ, ಅದೂ ಬಾಂಡಿನ ಮೊತ್ತದಷ್ಟಕ್ಕೆ. ಅವನು ಬರಲಿಲ್ಲ ಅಂದರೆ ಕೋರ್ಟು ನಿಮಗೆ ನೋಟೀಸು ಕೊಡುತ್ತದೆ, ಕಾರಣ ಕೇಳುತ್ತದೆ, ಮೊತ್ತದಲ್ಲಿ ಒಂದಿಷ್ಟು ಬಿಡುವ ಅಧಿಕಾರವೂ ಅದಕ್ಕಿದೆ. ಕಟ್ಟದಿದ್ದರೆ ದಂಡದಂತೆ ವಸೂಲಿ. ವಸೂಲಾಗದೇ ಇದ್ದರೆ ಜಾಮೀನುದಾರನನ್ನು ಆರು ತಿಂಗಳವರೆಗೆ ಸಿವಿಲ್ ಜೈಲಿಗೂ ಕಳಿಸಬಹುದು. ಇದನ್ನು ಮುಚ್ಚಿಟ್ಟು ನಿಮ್ಮನ್ನು ಕೋರ್ಟಿಗೆ ಕರೆದೊಯ್ದರೆ ನಮಗೂ ಟೀ ಅಂಗಡಿಯವರಿಗೂ ವ್ಯತ್ಯಾಸವಿಲ್ಲ. ಹಾಗೆಯೇ ಇನ್ನೊಂದು ಮಗ್ಗುಲನ್ನೂ ಹೇಳಬೇಕು: ಅವನ ನಡತೆ ಸರಿಯಿಲ್ಲ, ಓಡಿಹೋಗುವ ಲಕ್ಷಣ ಕಾಣುತ್ತಿದೆ ಅಂತ ನಿಮಗೆ ಅನಿಸಿದರೆ, ಯಾವಾಗ ಬೇಕಾದರೂ ಅರ್ಜಿ ಹಾಕಿ ಜಾಮೀನಿನಿಂದ ಬಿಡಿಸಿಕೊಳ್ಳಬಹುದು. ಆಗ ಕೋರ್ಟು ವಾರಂಟ್ ಹೊರಡಿಸಿ ಅವನನ್ನು ಕರೆಸಿ ಬೇರೆ ಜಾಮೀನು ಕೇಳುತ್ತದೆ. ಬಾಂಡು ಮುಟ್ಟುಗೋಲು ಆಗುವ ಮೊದಲೇ ಜಾಮೀನುದಾರ ತೀರಿಕೊಂಡರೆ ಅವನ ಆಸ್ತಿಯ ಮೇಲೆ, ಮಕ್ಕಳ ಮೇಲೆ ಏನೂ ಬರುವುದಿಲ್ಲ. ಸಂಘದ ಸಾಲದಲ್ಲಿ ಈ ಸೌಲಭ್ಯ ಉಂಟೇ ಅಂತ ಕಾರ್ಯದರ್ಶಿಗಳು ನಗುತ್ತಿದ್ದಾರೆ.

ಹಾಗಂತ ಕೇಳಿದವರಿಗೆಲ್ಲ ನಿಲ್ಲಬೇಡಿ. ಮುಖ ಪರಿಚಯ ಇಲ್ಲದವನಿಗೆ ಬೇಡ. ಹತ್ತು ಕೇಸು ಇದ್ದವನಿಗೆ ಬೇಡ. ಯಾರಾದರೂ ದುಡ್ಡು ಕೊಡುತ್ತೇನೆ ಅಂದರೆ ಅಲ್ಲಿಂದ ಎದ್ದು ಬನ್ನಿ. ಗೊತ್ತಿದ್ದವನು, ನಿಮ್ಮ ಹೊಲದಲ್ಲಿ ದುಡಿದವನು, ಕರೆದರೆ ಬರುತ್ತಾನೆ ಅಂತ ನಿಮಗೆ ಅನಿಸಿದವನು, ಅಂಥವನಿಗೆ ನಿಲ್ಲಿ. ಇಪ್ಪತ್ತೈದು ವರ್ಷದಿಂದ ಯಾರಿಗೆ ಸಾಲ ಕೊಟ್ಟರೆ ವಾಪಸು ಬರುತ್ತದೆ ಅಂತ ಮುಖ ನೋಡಿ ಹೇಳುತ್ತಿರುವ ನಿರ್ದೇಶಕರು ವೇದಿಕೆ ಮೇಲೆ ಕೂತಿದ್ದಾರೆ. ಆ ಕಣ್ಣು ನಮ್ಮ ನ್ಯಾಯಾಧೀಶರಿಗೆ ಇರಲು ಸಾಧ್ಯವಿಲ್ಲ, ಪಾಪ, ಅವರು ಮೂರು ವರ್ಷಕ್ಕೊಮ್ಮೆ ವರ್ಗವಾಗಿ ಬರುವವರು. ಆ ಪರಿಚಯವೇ ಇಲ್ಲಿ ಬೇಕಾಗಿರುವುದು. ಸಂಘದ ದುಡ್ಡು ಇದಕ್ಕೆ ಹಾಕಿ ಅಂತ ನಾವು ಕೇಳುತ್ತಿಲ್ಲ, ಅದು ಠೇವಣಿದಾರರ ದುಡ್ಡು, ಹಾಕಲೂ ಬಾರದು. ಇದು ಸದಸ್ಯರು ತಮ್ಮ ಸ್ವಂತ ಹೆಸರಿನಲ್ಲಿ ಮಾಡುವ ಕೆಲಸ.

ಇವತ್ತೇ ಒಂದು ವಿಷಯ ಇದೆ, ಅದಕ್ಕಾಗಿಯೇ ಇಷ್ಟು ಪೀಠಿಕೆ ಹಾಕಿದೆವು ಅಂತಲೂ ತಿಳಿಯಿರಿ. ರಾಯಚೂರು ಕಡೆಯ ಒಬ್ಬ ಕೂಲಿಯವನು, ವಯಸ್ಸು ಮೂವತ್ತರ ಆಸುಪಾಸು, ಕಳೆದ ಎರಡು ವರ್ಷ ಇದೇ ಹೋಬಳಿಯ ಶುಂಠಿ ಹೊಲಗಳಲ್ಲಿ ಕೆಲಸ ಮಾಡಿದ್ದಾನೆ. ಗುಡಿಸಲುಗಳ ಹತ್ತಿರ ಕೂಲಿಯವರ ನಡುವೆ ಆದ ಹೊಡೆದಾಟದ ಕೇಸು, ಪೆಟ್ಟು ಬಿದ್ದವನು ಗುಣವಾಗಿ ಕೆಲಸಕ್ಕೆ ಹೋಗುತ್ತಿದ್ದಾನೆ. ಜಾಮೀನು ಆದೇಶವಾಗಿ ಇವತ್ತಿಗೆ ಹತ್ತೊಂಬತ್ತು ದಿನ. ಇಪ್ಪತ್ತು ಸಾವಿರದ ಬಾಂಡು, ಒಬ್ಬ ಜಾಮೀನುದಾರ. ಷರತ್ತು ಸಡಿಲಿಸಲು ಅರ್ಜಿ ಹಾಕುವ ಕೆಲಸ ವಕೀಲರು ಮಾಡುತ್ತಿದ್ದಾರೆ, ಅದಕ್ಕೆ ಇನ್ನೆಷ್ಟು ದಿನವೋ. ಅವನ ಹೆಸರನ್ನು ನಾವು ಮೈಕಿನಲ್ಲಿ ಹೇಳುವುದಿಲ್ಲ, ಸ್ಮರಣ ಸಂಚಿಕೆಯಲ್ಲಿ ಅಚ್ಚಾಗುವುದೂ ಬೇಡ. ಆದರೆ ಅವನ ಫೋಟೋ ನಮ್ಮ ಹತ್ತಿರ ಇದೆ. ಈ ಸಭೆಯಲ್ಲಿ ಅವನಿಗೆ ಕೂಲಿ ಕೊಟ್ಟವರು ಯಾರಾದರೂ ಇರಲೇಬೇಕು. ನೋಡಿ, ಇವನು ನನಗೆ ಗೊತ್ತು, ಕರೆದರೆ ಬರುತ್ತಾನೆ ಅನಿಸಿದರೆ ಮಾತ್ರ ಹೇಳಿ. ಬರುವುದಿಲ್ಲ ಅನಿಸಿದರೆ ಅದನ್ನೂ ಹೇಳಿ.

ಉಚಿತ ಕಾನೂನು ನೆರವಿನ ಫೋನು 15100. ಇದನ್ನು ಸಂಘದ ನೋಟೀಸು ಬೋರ್ಡಿನ ಮೇಲೆ ಗೊಬ್ಬರದ ದರದ ಪಕ್ಕದಲ್ಲೇ ಬರೆಸಿ ಅಂತ ಅಧ್ಯಕ್ಷರಲ್ಲಿ ವಿನಂತಿ. ಊಟಕ್ಕೆ ಮೊದಲು ನಾವು ಮೂವರೂ ಗೋದಾಮಿನ ಜಗಲಿಯ ಹತ್ತಿರ ಕೂತಿರುತ್ತೇವೆ. ಫೋಟೋ ಅಲ್ಲಿ ತೋರಿಸುತ್ತೇವೆ. ಕೋರ್ಟು ಸೋಮವಾರ ಹನ್ನೊಂದು ಗಂಟೆಗೆ. ಬರುವವರು ಈ ಸಾಲಿನ ಪಹಣಿ, ಆಧಾರ್ ಕಾರ್ಡು, ಎರಡು ಫೋಟೋ ತರಬೇಕು. ಪಹಣಿಯಲ್ಲಿ ಸಂಘದ ಸಾಲ ಕೂತಿದ್ದರೆ ಅದನ್ನು ಮೊದಲೇ ನಮಗೆ ಹೇಳಿ, ಎಷ್ಟು ಅಂತ ಕಾರ್ಯದರ್ಶಿಗಳಿಂದ ಒಂದು ಚೀಟಿ ಬರೆಸಿಕೊಳ್ಳೋಣ.